ಬಿಳಿ ಕಣ ಏರಿತು, ಗುಳಿಗೆ ನಿಲ್ಲಲಿಲ್ಲ: ಎಪಿಎಲ್ ಪ್ರಕರಣವೊಂದರ ಪೂರ್ಣ ವಿವರ

ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ವಾರ್ಡಿನಲ್ಲಿ ಎಲ್ಲರೂ ಹೇಳುವುದು ಎಪಿಎಲ್ ಅಂತಲೇ. ಇಲ್ಲಿ ಬರುವ ರೋಗಿ ಒಬ್ಬ ನಿಜ ವ್ಯಕ್ತಿಯಲ್ಲ. ಈ ಕಾಯಿಲೆಯಲ್ಲಿ ಪದೇ ಪದೇ ಎದುರಾಗುವ ತಿರುವುಗಳನ್ನು ಒಂದೇ ಕೇಸ್‌ಶೀಟಿಗೆ ಹೊಂದಿಸಿ ಬರೆದಿದ್ದೇವೆ. ಔಷಧದ ಪ್ರಮಾಣ, ಮಿತಿ, ಲೆಕ್ಕಗಳು ಮಾತ್ರ ಚಾಲ್ತಿಯಲ್ಲಿರುವಂಥವೇ.

ದಾಖಲಾದ ಸಂಜೆ

ವಯಸ್ಸು 34, ತೂಕ 58 ಕೆ.ಜಿ., ಎತ್ತರ 158 ಸೆಂ.ಮೀ. ಒಂಬತ್ತು ದಿನದಿಂದ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ತೊಡೆಯ ಮೇಲೆ, ಮುಂಗೈ ಮೇಲೆ ಪೆಟ್ಟು ತಾಗಿದ ನೆನಪೇ ಇಲ್ಲದ ನೀಲಿ ಮಚ್ಚೆಗಳು. ಮುಟ್ಟು ಎಂಟನೇ ದಿನವೂ ನಿಂತಿಲ್ಲ. ಮೊದಲು ತೋರಿಸಿದ್ದು ಹಲ್ಲಿನ ಡಾಕ್ಟರಿಗೆ; ಅವರು ಹಲ್ಲಿಗೆ ಕೈ ಹಾಕದೆ ರಕ್ತ ಪರೀಕ್ಷೆಗೆ ಬರೆದುಕೊಟ್ಟದ್ದು ದೊಡ್ಡ ಉಪಕಾರ.

ಹಿಮೋಗ್ಲೋಬಿನ್ 8.4 ಗ್ರಾಂ, ಪ್ಲೇಟ್‌ಲೆಟ್ 14,000, ಬಿಳಿ ಕಣ 2,100. ದಾರಿ ತಪ್ಪಿಸುವುದು ಈ ಕೊನೆಯ ಅಂಕಿ. ರಕ್ತದ ಕ್ಯಾನ್ಸರ್ ಅಂದರೆ ಬಿಳಿ ಕಣ ಲಕ್ಷ ದಾಟಿರಬೇಕು ಎಂಬ ಎಣಿಕೆ ಹೊರಗಿನವರಲ್ಲಷ್ಟೇ ಅಲ್ಲ, ರಾತ್ರಿ ಪಾಳಿಯ ಕಿರಿಯ ವೈದ್ಯರಲ್ಲೂ ಇರುತ್ತದೆ. ಎಪಿಎಲ್‌ನಲ್ಲಿ ಬಿಳಿ ಕಣ ಕಡಿಮೆ ಇರುವುದೇ ಹೆಚ್ಚು. ಎಣಿಕೆ ನೋಡಿ ವೈರಲ್ ಜ್ವರದ ಪರಿಣಾಮವಿರಬೇಕೆಂದು ಮನೆಗೆ ಕಳಿಸಿದರೆ ಮುಗಿಯಿತು.

ಇಲ್ಲಿ ಕಣ್ಣು ಹಾಯಬೇಕಾದದ್ದು ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳ ಕಡೆಗೆ. ಹೆಪ್ಪುಗಟ್ಟಲು ಹಿಡಿಯುವ ಸಮಯ (ಪ್ರೋಥ್ರಾಂಬಿನ್ ಟೈಮ್) 19 ಸೆಕೆಂಡ್, ಹೆಪ್ಪು ಕಟ್ಟುವ ಪ್ರೋಟೀನ್ ಫೈಬ್ರಿನೋಜನ್ 88 ಮಿ.ಗ್ರಾಂ., ಹೆಪ್ಪು ಕರಗಿದಾಗ ಉಳಿಯುವ ಚೂರು ಡಿ-ಡೈಮರ್ ಯಂತ್ರದ ಮೇಲ್ಮಿತಿಯನ್ನೇ ದಾಟಿದೆ. ಬರೀ ಪ್ಲೇಟ್‌ಲೆಟ್ ಕುಸಿದಿದ್ದರೆ ಫೈಬ್ರಿನೋಜನ್ ಹೀಗೆ ಇಳಿಯುವುದಿಲ್ಲ. ಕೆಟ್ಟ ಪ್ರೊಮೈಲೋಸೈಟುಗಳು, ಅಂದರೆ ಬಲಿಯದೆ ಉಳಿದ ಬಿಳಿ ಕಣಗಳು, ಟಿಶ್ಯೂ ಫ್ಯಾಕ್ಟರ್ ಸುರಿದು ಹೆಪ್ಪುಗಟ್ಟುವ ಸರಣಿಗೆ ಕಿಡಿ ಹಚ್ಚುತ್ತವೆ. ಅದೇ ಹೊತ್ತಿಗೆ ತಮ್ಮ ಮೈಮೇಲಿನ ಅನೆಕ್ಸಿನ್ 2 ಎಂಬ ಪ್ರೋಟೀನಿನ ಮೂಲಕ ಪ್ಲಾಸ್ಮಿನ್ ಹುಟ್ಟಿಸಿ, ಕಟ್ಟಿದ ಹೆಪ್ಪನ್ನೂ ಕರಗಿಸುತ್ತವೆ. ಒಂದು ಕಡೆ ಸಾಮಾನು ಖರ್ಚು, ಇನ್ನೊಂದು ಕಡೆ ಕಟ್ಟಿದ್ದೂ ಕುಸಿತ.

ಸ್ಮಿಯರಿನ (ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿದ ರಕ್ತದ) ಮಧ್ಯಭಾಗದಲ್ಲಿ ಏನೂ ಕಾಣಲಿಲ್ಲ. ಬಿಳಿ ಕಣ ಇಷ್ಟು ಕಡಿಮೆ ಇದ್ದಾಗ ಸ್ಲೈಡಿನ ಬಾಲದ ತುದಿ, ಬದಿಯ ಅಂಚುಗಳನ್ನು ಹುಡುಕಬೇಕು. ದೊಡ್ಡ ಕೋಶಗಳು ಅಲ್ಲಿಗೆ ತಳ್ಳಿಸಿಕೊಂಡು ಹೋಗಿರುತ್ತವೆ. ಅಲ್ಲೂ ಸಿಗದಿದ್ದರೆ ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿ ಬಿಳಿ ಕಣದ ತೆಳು ಪದರದಿಂದ ಇನ್ನೊಂದು ಸ್ಲೈಡ್ ಎಳೆಯಬೇಕು. ಬಾಲದಲ್ಲಿ ನಾಲ್ಕು ಕೋಶ ಸಿಕ್ಕವು. ಮೂರರಲ್ಲಿ ಕೋಶಕೇಂದ್ರ ನಡುವೆ ಹಿಸುಕಿದಂತೆ ಎರಡು ಹೋಳಾಗಿದೆ, ಮೇಲೆಲ್ಲ ನೇರಳೆ ಕಣಗಳು ಕಿಕ್ಕಿರಿದು ಅಂಚು ಮುಚ್ಚಿಹೋಗಿದೆ. ನಾಲ್ಕನೆಯದರಲ್ಲಿ ಆವರ್ ಕಡ್ಡಿಗಳು (ಲ್ಯುಕೇಮಿಯಾ ಕೋಶದೊಳಗೆ ಕಾಣುವ ಕೆಂಪು ಕಡ್ಡಿಗಳು) ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಸೌದೆ ಹೊರೆಯ ಹಾಗೆ ಕಾಣುತ್ತಿದ್ದವು. ಈ ಒಂದು ಕೋಶ ಸಾಕು.

ಸಾಕು ಎಂದರೆ, ಔಷಧ ಶುರು ಮಾಡಲು ಸಾಕು. 15 ಮತ್ತು 17ನೇ ವರ್ಣತಂತುಗಳು ತುಂಡು ಬದಲಾಯಿಸಿಕೊಂಡಿವೆ ಎಂದು ಫಿಶ್ ಪರೀಕ್ಷೆ ಖಚಿತಪಡಿಸಲು ಇನ್ನೂ ಒಂದೆರಡು ದಿನ ಬೇಕು. ‘ರಿಪೋರ್ಟ್ ಬರಲಿ, ಆಮೇಲೆ ಕೊಡೋಣ’ ಎನ್ನುವ ಮಾತಿನಷ್ಟು ಈ ಕಾಯಿಲೆಯಲ್ಲಿ ಪ್ರಾಣ ತೆಗೆಯುವ ಮಾತು ಬೇರೆ ಇಲ್ಲ. ಬೇರೆ ಲ್ಯುಕೇಮಿಯಾಗಳಲ್ಲಿ ಸಾಮಾನ್ಯವಾಗಿ ಒಂದು ದಿನ ಕಾದರೆ ಅಂಥ ನಷ್ಟವಿಲ್ಲ. ಇಲ್ಲಿ ಆ ಒಂದು ದಿನದಲ್ಲೇ ಮೆದುಳಿನಲ್ಲಿ ರಕ್ತಸ್ರಾವವಾಗಿ ರೋಗಿ ಹೋಗಿಬಿಡಬಹುದು. ಅಮೆರಿಕದ ಕ್ಯಾನ್ಸರ್ ನೋಂದಣಿಯಲ್ಲಿ 1992ರಿಂದ 2007ರವರೆಗಿನ 1,400 ಎಪಿಎಲ್ ರೋಗಿಗಳನ್ನು ತೆಗೆದು ನೋಡಿದಾಗ ಮೊದಲ 30 ದಿನದಲ್ಲೇ ಸತ್ತವರು ಶೇ. 17. ಅಷ್ಟು ವರ್ಷಗಳಲ್ಲಿ ಔಷಧ ಬದಲಾದರೂ ಈ ಪ್ರಮಾಣ ಕದಲಿರಲಿಲ್ಲ. ಅನುಮಾನ ಸುಳ್ಳಾದರೆ ಕಳೆದುಕೊಳ್ಳುವುದೇನು? ಎರಡು ದಿನದ ಗುಳಿಗೆ. ನಿಲ್ಲಿಸಿದರಾಯಿತು.

ಗುಳಿಗೆ ಅಂದರೆ ಆಲ್-ಟ್ರಾನ್ಸ್ ರೆಟಿನೋಯಿಕ್ ಆಸಿಡ್, ಚಿಕ್ಕದಾಗಿ ಆಟ್ರಾ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 45 ಮಿ.ಗ್ರಾಂ. ಈಕೆಯ ಮೇಲ್ಮೈ 1.6, ಬರಬೇಕಾದದ್ದು 72 ಮಿ.ಗ್ರಾಂ. ಕ್ಯಾಪ್ಸೂಲು 10 ಮಿ.ಗ್ರಾಂ.ನದು, ಹಾಗಾಗಿ ಬೆಳಿಗ್ಗೆ 4, ರಾತ್ರಿ 3. ಊಟದ ಜೊತೆಯಲ್ಲೇ ನುಂಗಬೇಕು. ಕೊಬ್ಬಿನಲ್ಲಿ ಕರಗುವ ಪದಾರ್ಥ, ಬರಿ ಹೊಟ್ಟೆಗೆ ಹಾಕಿದರೆ ಸರಿಯಾಗಿ ರಕ್ತಕ್ಕೆ ಇಳಿಯುವುದಿಲ್ಲ. ಮೊದಲ ಡೋಸ್ ರಾತ್ರಿ 9.40ಕ್ಕೆ ಹೋಯಿತು. ಅದಕ್ಕೂ ಮುಂಚೆ ಗರ್ಭ ಪರೀಕ್ಷೆ ಮಾಡಲಾಗಿತ್ತು, ಏಕೆಂದರೆ ಆಟ್ರಾ ಭ್ರೂಣಕ್ಕೆ ತೀವ್ರ ಹಾನಿ ಮಾಡುತ್ತದೆ.

ಜೊತೆಗೇ ರಕ್ತದಂಗಡಿ ತೆರೆದಂತೆ. ಪ್ಲೇಟ್‌ಲೆಟ್ 30,000ದಿಂದ 50,000ದ ಮೇಲೆ, ಫೈಬ್ರಿನೋಜನ್ 100ರಿಂದ 150ರ ಮೇಲೆ ಇಡಬೇಕು. ಒಬ್ಬ ದಾನಿಯ ಪ್ಲೇಟ್‌ಲೆಟ್ ಚೀಲ ಒಂದು, ಫೈಬ್ರಿನೋಜನ್ ತುಂಬಿಕೊಡುವ ಕ್ರಯೋಪ್ರೆಸಿಪಿಟೇಟ್ 10 ಯೂನಿಟ್. ಆರು ಗಂಟೆ ಬಿಟ್ಟು ನೋಡಿದಾಗ ಪ್ಲೇಟ್‌ಲೆಟ್ 38,000, ಫೈಬ್ರಿನೋಜನ್ 146. ಮರುದಿನ ಬೆಳಿಗ್ಗೆ ಅದು ಮತ್ತೆ 104. ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುವ ಕೆಲಸವಿದು. ದಿನಕ್ಕೊಮ್ಮೆ ಪರೀಕ್ಷೆ ಮಾಡಿದರೆ ಕೊಡ ಯಾವಾಗ ಖಾಲಿಯಾಯಿತೆಂದು ಗೊತ್ತೇ ಆಗದು. ಮೊದಲ ದಿನಗಳಲ್ಲಿ 6ರಿಂದ 8 ಗಂಟೆಗೊಮ್ಮೆ.

ಕುತ್ತಿಗೆಯ ದೊಡ್ಡ ನರಕ್ಕೆ ಲೈನ್ ಹಾಕಲಿಲ್ಲ, ಬೆನ್ನಿಗೆ ಸೂಜಿ ಚುಚ್ಚಲಿಲ್ಲ. ಅಸ್ಥಿಮಜ್ಜೆ ಮಾತ್ರ ಸೊಂಟದ ಹಿಂಭಾಗದ ಮೂಳೆಯಿಂದ ತೆಗೆದು, ಹದಿನೈದು ನಿಮಿಷ ಒತ್ತಿ ಹಿಡಿಯಲಾಯಿತು. ಮುಟ್ಟಿನ ಸ್ರಾವಕ್ಕೆ, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಬರೆಯಲು ಕೈ ಹೋಗುವುದು ಸಹಜ. ಆಟ್ರಾ ಜೊತೆ ಅದು ಹೆಪ್ಪು ಕಟ್ಟಿಸುವ ಭಯವಿರುವುದರಿಂದ ಬಿಟ್ಟು, ಮುಟ್ಟು ತಡೆಯುವ ಹಾರ್ಮೋನು ನಾರೆಥಿಸ್ಟೆರೋನ್ 5 ಮಿ.ಗ್ರಾಂ. ದಿನಕ್ಕೆ ಮೂರು ಬಾರಿ ಕೊಡಲಾಯಿತು.

ಈ ಗುಳಿಗೆ ಬಂದ ದಾರಿ

ಮುಂದಿನ ದಿನಗಳ ಚಾರ್ಟ್ ಓದಲು ಬರಬೇಕಾದರೆ ವಾಂಗ್ ಝೆನ್‌ಯಿ ಮಾಡಿದ್ದೇನು ಎಂಬುದು ಗೊತ್ತಿರಬೇಕು. ಶಾಂಘೈಯ ರುಯಿಜಿನ್ ಆಸ್ಪತ್ರೆಯ ರಕ್ತರೋಗ ತಜ್ಞ, 1924ರಲ್ಲಿ ಹುಟ್ಟಿದವರು. ಲ್ಯುಕೇಮಿಯಾ ಕೋಶವನ್ನು ಕೊಲ್ಲುವ ಬದಲು ಬೆಳೆಸಿ ಪ್ರಾಯಕ್ಕೆ ತರಬಹುದೇ ಎಂಬುದು ಅವರು ಹಿಡಿದ ಪ್ರಶ್ನೆ. ರೆಟಿನೋಯಿಕ್ ಆಸಿಡ್ ಹಾಕಿದರೆ ಪ್ರೊಮೈಲೋಸೈಟುಗಳು ಗಾಜಿನ ತಟ್ಟೆಯಲ್ಲಿ ಬಲಿಯುತ್ತವೆ ಎಂದು ಅಮೆರಿಕದ ಪ್ರಯೋಗಾಲಯಗಳಲ್ಲಿ 1980–81ರ ಹೊತ್ತಿಗೇ ಕಂಡಿತ್ತು. ಅಲ್ಲಿ ರೋಗಿಗಳಿಗೆ ಕೊಟ್ಟು ನೋಡಲು ಕೈಗೆ ಸಿಗುತ್ತಿದ್ದದ್ದು ಅದರ 13-ಸಿಸ್ ರೂಪ, ಫಲ ಅಷ್ಟಕ್ಕಷ್ಟೇ. ಶಾಂಘೈಯಲ್ಲಿ ಚರ್ಮರೋಗಕ್ಕೆಂದು ತಯಾರಾಗುತ್ತಿದ್ದದ್ದು ಆಲ್-ಟ್ರಾನ್ಸ್ ರೂಪ. ಇದ್ದದ್ದನ್ನು ಬಳಸಿದರು, ಇದ್ದದ್ದೇ ಸರಿಯಾದದ್ದಾಗಿತ್ತು.

1985–86ರ ಹೊತ್ತಿಗೆ, ಕೀಮೋಥೆರಪಿ ಸೋತು ರಕ್ತಸ್ರಾವದಲ್ಲಿದ್ದ 5 ವರ್ಷದ ಹುಡುಗಿಗೆ ಕೊಟ್ಟರು. ಕಾಯಿಲೆ ಪೂರ್ತಿ ತಗ್ಗಿತು. 1988ರಲ್ಲಿ 24 ರೋಗಿಗಳ ವರದಿ ಪ್ರಕಟವಾಯಿತು: 16 ಮಂದಿ ಹೊಸಬರು, 8 ಮಂದಿಗೆ ಹಿಂದಿನ ಚಿಕಿತ್ಸೆ ಹತ್ತಿರಲಿಲ್ಲ. ಬರೀ ಆಟ್ರಾದಲ್ಲಿ 23 ಮಂದಿಯ ಕಾಯಿಲೆ ಪೂರ್ತಿ ತಗ್ಗಿತ್ತು. ಉಳಿದೊಬ್ಬರಿಗೆ ಅಲ್ಪ ಪ್ರಮಾಣದ ಸೈಟರಬಿನ್ ಎಂಬ ಕೀಮೋ ಔಷಧ ಸೇರಿಸಬೇಕಾಯಿತು. ಆ ವರದಿಯಲ್ಲಿ ನಮ್ಮ ಪ್ರಕಾರ ಅದಕ್ಕಿಂತ ದೊಡ್ಡ ಸಂಗತಿಗಳು ಎರಡು. ಅಸ್ಥಿಮಜ್ಜೆ ನಡುವೆ ಒಮ್ಮೆಯೂ ಬರಿದಾಗಲಿಲ್ಲ. ಮತ್ತು, ಬಲಿತ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳ ಒಳಗೆ ಆವರ್ ಕಡ್ಡಿ ಕಾಣಿಸಿತು. ಒಳ್ಳೆಯ ನ್ಯೂಟ್ರೋಫಿಲ್‌ನಲ್ಲಿ ಆ ಕಡ್ಡಿ ಇರುವುದೇ ಇಲ್ಲ. ಅಂದರೆ ಇದು ಕ್ಯಾನ್ಸರ್ ಕೋಶವೇ, ಸಾಯದೆ ಬಲಿತು ನಿಂತಿದೆ.

ಕಾರಣ ಆಮೇಲೆ ತಿಳಿಯಿತು. 15 ಮತ್ತು 17ರ ಅದಲುಬದಲಿನಿಂದ ಪಿಎಂಎಲ್-ರಾರಾ ಎಂಬ ಬೆಸುಗೆ ಪ್ರೋಟೀನ್ ಹುಟ್ಟಿ, ಕೋಶ ಬಲಿಯಲು ಬೇಕಾದ ಜೀನ್‌ಗಳ ಮೇಲೆ ಬೀಗ ಜಡಿದು ಕೂರುತ್ತದೆ. ಮೈಯಲ್ಲಿರುವಷ್ಟು ರೆಟಿನೋಯಿಕ್ ಆಸಿಡ್‌ಗೆ ಅದು ಜಗ್ಗುವುದಿಲ್ಲ. ಔಷಧದ ಮಟ್ಟಕ್ಕೆ ಏರಿಸಿದರೆ ಬೀಗ ತೆರೆಯುತ್ತದೆ. ಆಟ್ರಾ ಒಂದನ್ನೇ ಕೊಟ್ಟರೆ ಕೆಲವು ತಿಂಗಳಲ್ಲಿ ಕಾಯಿಲೆ ಮರಳುತ್ತಿತ್ತು. ದೇಹ ಅದನ್ನು ಬೇಗ ಬೇಗ ಒಡೆಯಲು ಕಲಿತುಬಿಡುವುದು ಒಂದು ಕಾರಣ. ಆ ಕಂದಕವನ್ನು ತುಂಬಿದ್ದು ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಹಿಡಿದ ಆರ್ಸೆನಿಕ್. ಅದು ಬೆಸುಗೆ ಪ್ರೋಟೀನಿನ ಪಿಎಂಎಲ್ ತುದಿಗೆ ಅಂಟಿ, ಕೋಶದ ಕಸದಬುಟ್ಟಿಗೆ ಕಳಿಸುತ್ತದೆ. ಆಟ್ರಾ ಬೀಗ ತೆರೆಯುತ್ತದೆ, ಆರ್ಸೆನಿಕ್ ಬೀಗವನ್ನೇ ಪುಡಿ ಮಾಡುತ್ತದೆ. 2013ರಲ್ಲಿ ಪ್ರಕಟವಾದ ಇಟಲಿ–ಜರ್ಮನಿ ಅಧ್ಯಯನದಲ್ಲಿ, ಬಿಳಿ ಕಣ 10,000 ಮೀರದ ರೋಗಿಗಳಿಗೆ ಕೀಮೋ ಇಲ್ಲದೆ ಈ ಎರಡನ್ನೇ ಕೊಟ್ಟಾಗ, ಫಲಿತಾಂಶ ಅಳೆಯಲು ಸಿಕ್ಕ 77 ಮಂದಿಯಲ್ಲಿ 77 ಮಂದಿಗೂ ಕಾಯಿಲೆ ತಗ್ಗಿತು. ನಮ್ಮ ರೋಗಿ ಇದೇ ಗುಂಪಿಗೆ ಸೇರಿದವರು.

ಎರಡನೇ ದಿನ: ವಯಲ್ ಮತ್ತು ಇಸಿಜಿ

ಫಿಶ್ ಪಾಸಿಟಿವ್ ಬಂತು. ಆರ್ಸೆನಿಕ್ ಟ್ರೈಆಕ್ಸೈಡ್ ಕೆ.ಜಿ.ಗೆ 0.15 ಮಿ.ಗ್ರಾಂ., ಅಂದರೆ 8.7 ಮಿ.ಗ್ರಾಂ. 250 ಮಿ.ಲೀ. ಡೆಕ್ಸ್‌ಟ್ರೋಸಿನಲ್ಲಿ ಎರಡು ಗಂಟೆ.

ಈ ಔಷಧದ ವಯಲ್ ಎರಡು ಬಗೆಯಲ್ಲಿದೆ. ಹಳೆಯದು 10 ಮಿ.ಲೀ.ಯಲ್ಲಿ 10 ಮಿ.ಗ್ರಾಂ., ಈಚಿನದು 6 ಮಿ.ಲೀ.ಯಲ್ಲಿ 12 ಮಿ.ಗ್ರಾಂ. ಹಳೆಯ ರೂಢಿಯಲ್ಲಿ ‘8.7 ಮಿ.ಲೀ. ಎಳೆಯಿರಿ’ ಎಂದು ಬರೆದು, ಫಾರ್ಮಸಿಯಿಂದ ಹೊಸ ವಯಲ್ ಬಂದರೆ ಒಳಗೆ ಹೋಗುವುದು 17.4 ಮಿ.ಗ್ರಾಂ. ನೇರ ಎರಡು ಪಟ್ಟು ವಿಷ. ಆರ್ಡರ್ ಮಿ.ಗ್ರಾಂ.ನಲ್ಲೇ ಇರಬೇಕು, ಮಿ.ಲೀ. ಲೆಕ್ಕ ವಯಲ್ ಕೈಯಲ್ಲಿ ಹಿಡಿದು ಇಬ್ಬರು ಮಾಡಬೇಕು.

ಆರ್ಸೆನಿಕ್ ಹೃದಯದ ಕ್ಯೂಟಿ ಅಂತರವನ್ನು (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಸಮಯವನ್ನು) ಉದ್ದ ಮಾಡುತ್ತದೆ, ಹಾಗಾಗಿ ಮೊದಲೇ ಇಸಿಜಿ. ಈಕೆಯ ನಾಡಿ 110, ಕ್ಯೂಟಿ 360 ಮಿಲಿಸೆಕೆಂಡ್. ಯಂತ್ರ ಅಚ್ಚು ಹಾಕಿದ ಕ್ಯೂಟಿಸಿ, ಅಂದರೆ ನಾಡಿಯ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ, 488. ಕಿರಿಯ ವೈದ್ಯರು ಆರ್ಸೆನಿಕ್ ಮುಂದೂಡಲು ಹೊರಟಿದ್ದರು. ಯಂತ್ರ ಬಳಸುವುದು ಬ್ಯಾಝೆಟ್ ಸೂತ್ರ. ನಾಡಿ ಓಡುತ್ತಿದ್ದರೆ ಅದು ಅಂಕಿಯನ್ನು ಉಬ್ಬಿಸುತ್ತದೆ. ರಕ್ತಹೀನತೆ ಇರುವವರ ನಾಡಿ ಓಡದೆ ಇನ್ನೇನು ಮಾಡೀತು? ಫ್ರಾಮಿಂಗ್‌ಹ್ಯಾಮ್ ಸೂತ್ರದಲ್ಲಿ ಬಡಿತಗಳ ನಡುವಿನ ಅಂತರವನ್ನು (ಇಲ್ಲಿ 0.545 ಸೆಕೆಂಡ್) 1ರಿಂದ ಕಳೆದು, ಉಳಿದದ್ದನ್ನು 154ರಿಂದ ಗುಣಿಸಿ ಕ್ಯೂಟಿಗೆ ಕೂಡಿಸಿದರೆ 430. ಆರ್ಸೆನಿಕ್ ಆ ದಿನವೇ ಹೋಯಿತು. ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 1.8ರ ಮೇಲೆ ಇಡಬೇಕೆಂದು ಚಾರ್ಟಿನ ತಲೆಯಲ್ಲಿ ಬರೆದಿಟ್ಟರು. ಮುಂದೆ ಹೇಳುವ ಡಿಫರೆನ್ಷಿಯೇಷನ್ ಸಿಂಡ್ರೋಮಿನ ಮುನ್ನೆಚ್ಚರಿಕೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ 30 ಮಿ.ಗ್ರಾಂ. ಮೊದಲ ದಿನದಿಂದಲೇ ನಡೆದಿತ್ತು.

ಎಂಟನೇ ದಿನದ ಫೋನು

ಬಿಳಿ ಕಣ ನಾಲ್ಕನೇ ದಿನ 3,900, ಆರನೇ ದಿನ 8,200, ಎಂಟನೇ ದಿನ 14,800. ಕಿರಿಯ ವೈದ್ಯರು ಹಿರಿಯರಿಗೆ ಫೋನು ಮಾಡಿದರು.

‘ಸರ್, ಕೌಂಟ್ ಏಳು ಪಟ್ಟಾಗಿದೆ. ಕಾಯಿಲೆ ಜೋರಾಗ್ತಿದೆ ಅನ್ಸುತ್ತೆ. ಆಟ್ರಾ ನಿಲ್ಲಿಸ್ಲಾ?’

‘ಸ್ಮಿಯರ್ ನೋಡಿದ್ರಾ?’

ನೋಡಿರಲಿಲ್ಲ. ನೋಡಿದಾಗ ಕಂಡದ್ದು ಹೊಸ ಪ್ರೊಮೈಲೋಸೈಟುಗಳ ದಂಡಲ್ಲ. ಬಲಿಯುವ ದಾರಿಯ ಮುಂದಿನ ಹಂತಗಳು: ಮೈಲೋಸೈಟು, ಮೆಟಾಮೈಲೋಸೈಟು, ಅರೆಬಲಿತ ನ್ಯೂಟ್ರೋಫಿಲ್. ಒಂದು ನ್ಯೂಟ್ರೋಫಿಲ್‌ನ ಅಂಚಿನಲ್ಲಿ ತೆಳ್ಳಗಿನ ಕೆಂಪು ಕಡ್ಡಿ. 1988ರಲ್ಲಿ ಶಾಂಘೈಯವರು ತೋರಿಸಿದ್ದ ಅದೇ ಚಿತ್ರ. ಕೊಲ್ಲುವ ಔಷಧದಲ್ಲಿ ಎಣಿಕೆ ಏರಿದರೆ ಸೋಲು; ಬೆಳೆಸುವ ಔಷಧದಲ್ಲಿ ಮಜ್ಜೆಯೊಳಗೆ ಸಿಕ್ಕಿಬಿದ್ದಿದ್ದವು ಬಲಿತು ಹೊರಗೆ ಬರುತ್ತಿವೆ ಎಂದರ್ಥ. ಆಟ್ರಾ, ಆರ್ಸೆನಿಕ್ ಎರಡೂ ಮುಂದುವರಿದವು. 10,000 ದಾಟಿದ್ದಕ್ಕೆ, ಬಿಳಿ ಕಣ ಇಳಿಸುವ ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ. ದಿನಕ್ಕೆ ನಾಲ್ಕು ಬಾರಿ. ಯಂತ್ರ ಹಚ್ಚಿ ಬಿಳಿ ಕಣ ಸೋಸಿ ತೆಗೆಯುವ ಯೋಚನೆಯೂ ಬಂದಿತ್ತು. ಎಪಿಎಲ್‌ನಲ್ಲಿ ಅದು ರಕ್ತಸ್ರಾವವನ್ನು ಕೆರಳಿಸುತ್ತದೆ, ಆ ಕಡೆ ಹೋಗಲೇಬಾರದು.

ಹಾಗಂತ ಏರಿಕೆ ನಿರಪಾಯವೇನಲ್ಲ. ಬಲಿಯುತ್ತಿರುವ ಕೋಶಗಳು ಶ್ವಾಸಕೋಶಕ್ಕೆ ನುಗ್ಗಿ, ಉರಿಯೂತ ಕೆರಳಿಸುವ ಸೈಟೊಕೈನ್ ಸುರಿದು, ರಕ್ತನಾಳ ಸೋರುವಂತೆ ಮಾಡುತ್ತವೆ. ಇದೇ ಡಿಫರೆನ್ಷಿಯೇಷನ್ ಸಿಂಡ್ರೋಮ್. ಮೊದಲ ಸುಳಿವು ಕೊಟ್ಟದ್ದು ಸ್ಟೆತಸ್ಕೋಪಲ್ಲ, ತೂಕದ ಯಂತ್ರ. ಸಿಸ್ಟರ್ ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದೇ ಯಂತ್ರದ ಮೇಲೆ ನಿಲ್ಲಿಸಿ ಬರೆದದ್ದು: ಆರನೇ ದಿನ 58.9, ಏಳಕ್ಕೆ 59.8, ಎಂಟಕ್ಕೆ 60.9, ಒಂಬತ್ತಕ್ಕೆ 62.1, ಹತ್ತಕ್ಕೆ 63.4. ಐದು ಕೆ.ಜಿ. ದಾಟಿತು. ಅದೇ ದಿನ ಮಲಗಿದರೆ ಏದುಸಿರು, ಆಮ್ಲಜನಕ ಶೇ. 91, ಎಕ್ಸ್‌ರೇಯಲ್ಲಿ ಎರಡೂ ಕಡೆ ಮಬ್ಬು, ಬಲಗಡೆ ಸ್ವಲ್ಪ ನೀರು. ಜ್ವರ ಇರಲಿಲ್ಲ; ಪ್ರೆಡ್ನಿಸೋಲೋನ್ ಮೇಲಿದ್ದವರಲ್ಲಿ ಜ್ವರ ಇಲ್ಲವೆಂದು ಸಮಾಧಾನ ಪಡುವಂತಿಲ್ಲ, ಹಾಗಾಗಿ ಕಲ್ಚರ್‌ಗೆ ರಕ್ತ ಕಳಿಸಿ ಆಂಟಿಬಯೋಟಿಕ್ಕೂ ಶುರುವಾಯಿತು.

ಸ್ಟಿರಾಯ್ಡ್ ಡೆಕ್ಸಾಮೆಥಸೋನ್ 10 ಮಿ.ಗ್ರಾಂ. ನರಕ್ಕೆ, 12 ಗಂಟೆಗೊಮ್ಮೆ. ಸಿಟಿ ಸ್ಕ್ಯಾನ್ ಆಗಲಿ, ಎಕೋ ಆಗಲಿ ಎಂದು ಕಾಯದೆ, ಅನುಮಾನ ಬಂದ ಗಂಟೆಯೊಳಗೆ. ಮೈಯ ನೀರು ಮೂತ್ರದಲ್ಲಿ ಇಳಿಸುವ ಫ್ಯೂರೊಸಮೈಡ್ 40 ಮಿ.ಗ್ರಾಂ. ಎರಡು ಹೊತ್ತು, ಆಮ್ಲಜನಕ 3 ಲೀಟರ್. ಮೂತ್ರಪಿಂಡ ಕೈಕೊಟ್ಟಿದ್ದರೆ ಅಥವಾ ಉಸಿರಿಗೆ ಐಸಿಯು ಬೇಕಾಗಿದ್ದರೆ ಆಟ್ರಾ–ಆರ್ಸೆನಿಕ್ ತಾತ್ಕಾಲಿಕವಾಗಿ ನಿಲ್ಲಿಸಬೇಕಿತ್ತು. ಆ ಹಂತ ಬರಲಿಲ್ಲ. ಹದಿಮೂರನೇ ದಿನ ಆಮ್ಲಜನಕದ ಕೊಳವೆ ತೆಗೆದರು.

ಒಂದರ ಬಾಲ ಹಿಡಿದು ಇನ್ನೊಂದು

ಈ ಪ್ರಕರಣದ ಕಲಿಯಬೇಕಾದ ಭಾಗ ಇಲ್ಲಿದೆ, ಏಕೆಂದರೆ ಇಲ್ಲಿ ಯಾರೂ ತಪ್ಪು ಮಾಡಲಿಲ್ಲ. ಸ್ಟಿರಾಯ್ಡ್‌ನಿಂದ ಬಾಯಲ್ಲಿ ಬಿಳಿ ಬೂಸ್ಟು ಬಂತು. ಹದಿನಾಲ್ಕನೇ ದಿನ ಅದಕ್ಕೆ ಫ್ಲುಕೊನಝೋಲ್ ಬರೆದರು, ಪುಸ್ತಕದ ಪ್ರಕಾರ ಸರಿ. ಹದಿನಾರಕ್ಕೆ ತಲೆನೋವು, ವಾಕರಿಕೆ. ವಾಕರಿಕೆಗೆ ಆಂಡಾನ್ಸೆಟ್ರಾನ್, ಅದೂ ಸರಿ. ಹದಿನೆಂಟಕ್ಕೆ ತಲೆನೋವು ಜೋರಾಗಿ ಕಣ್ಣು ಮಂಜು. ವಾರಕ್ಕೆರಡು ಬಾರಿಯ ಇಸಿಜಿ ಅಂದೇ ಇತ್ತು: ನಾಡಿ 104, ಕ್ಯೂಟಿ 440, ಫ್ರಾಮಿಂಗ್‌ಹ್ಯಾಮ್ ಲೆಕ್ಕದಲ್ಲೂ 505.

ಎಳೆ ಬಿಡಿಸಿದರೆ ಹೀಗೆ. ಫ್ಲುಕೊನಝೋಲ್ ಯಕೃತ್ತಿನ ಕಿಣ್ವಗಳಿಗೆ ತಡೆ ಹಾಕುತ್ತದೆ, ಆಟ್ರಾ ಒಡೆಯುವುದು ಅವೇ ಕಿಣ್ವಗಳು. ಗುಳಿಗೆ ಏಳೇ ನುಂಗುತ್ತಿದ್ದರೂ ರಕ್ತದಲ್ಲಿ ಆಟ್ರಾ ಏರಿತು; ತಲೆಬುರುಡೆಯೊಳಗೆ ಒತ್ತಡ ಹೆಚ್ಚುವುದು ಅದರ ಗೊತ್ತಿರುವ ಅಡ್ಡಪರಿಣಾಮ. ಅದೇ ಫ್ಲುಕೊನಝೋಲ್ ಕ್ಯೂಟಿಯನ್ನೂ ಉದ್ದ ಮಾಡುತ್ತದೆ. ಆಂಡಾನ್ಸೆಟ್ರಾನ್ ಕೂಡ. ಫ್ಯೂರೊಸಮೈಡ್ ಒಂದು ವಾರದಿಂದ ಪೊಟ್ಯಾಸಿಯಂ ಹರಿಸಿ ಹಾಕುತ್ತಿತ್ತು: 3.3, ಮೆಗ್ನೀಸಿಯಂ 1.5. ಮೇಲೆ ಆರ್ಸೆನಿಕ್. ನಾಲ್ಕು ಕಡೆಯಿಂದ ಒಂದೇ ಹಗ್ಗ ಎಳೆದಂತೆ.

ಮೊದಲು ಸಿಟಿ ಮಾಡಿ ಮೆದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ನೋಡಿಕೊಂಡರು. ಎಪಿಎಲ್‌ನಲ್ಲಿ ತಲೆನೋವನ್ನು ಔಷಧದ ಲೆಕ್ಕಕ್ಕೆ ಹಾಕುವ ಮುಂಚೆ ಇದು ಆಗಲೇಬೇಕು. ಕಣ್ಣಿನ ಹಿಂಪರದೆಯಲ್ಲಿ ನರದ ಬಾವು ಕಂಡಿತು. ಫ್ಲುಕೊನಝೋಲ್ ತೆಗೆದು ನಿಸ್ಟಾಟಿನ್ ದ್ರವ, ಆಂಡಾನ್ಸೆಟ್ರಾನ್ ಬಂದ್, ಫ್ಯೂರೊಸಮೈಡ್ ಬಂದ್. ಒತ್ತಡಕ್ಕೆ ಅಸೆಟಝೋಲಮೈಡ್ ಕೊಡುವ ಮಾತು ಬಂತು. ಅದೂ ಪೊಟ್ಯಾಸಿಯಂ ಇಳಿಸುವ ಗಿರಾಕಿಯೇ ಆದ್ದರಿಂದ ತಡೆಹಿಡಿದರು. ಆಟ್ರಾ ನಾಲ್ಕು ದಿನ ನಿಲ್ಲಿಸಿ, ಚದರ ಮೀಟರಿಗೆ 25ರಂತೆ 40 ಮಿ.ಗ್ರಾಂ.ನಲ್ಲಿ ಮತ್ತೆ ಶುರು. ವಾರದ ಮೇಲೆ ಪೂರ್ಣ ಪ್ರಮಾಣ. ಆರ್ಸೆನಿಕ್ ಕ್ಯೂಟಿಸಿ 460ಕ್ಕೆ ಇಳಿಯುವವರೆಗೆ ನಿಂತು, ಅರ್ಧ ಪ್ರಮಾಣದಲ್ಲಿ 7 ದಿನ ನಡೆದು, ಹಂತ ಹಂತವಾಗಿ ಏರಿತು.

ಮಜ್ಜೆ ನೋಡುವ ದಿನ

ಹದಿನಾಲ್ಕನೇ ದಿನದ ಮಜ್ಜೆ ಪರೀಕ್ಷೆ ಬೇರೆ ಲ್ಯುಕೇಮಿಯಾಗಳಲ್ಲಿ ವಾಡಿಕೆ. ಇಲ್ಲಿ ಮಾಡಲಿಲ್ಲ. ಮಾಡಿದ್ದರೆ ಅರೆಬಲಿತ ಕೋಶಗಳ ರಾಶಿ ಕಂಡು ‘ಔಷಧ ಹತ್ತಿಲ್ಲ’ ಎಂಬ ವರದಿ ಬರುತ್ತಿತ್ತು, ಮಾಡದ ತಪ್ಪಿಗೆ ಕೀಮೋ ಬೀಳುತ್ತಿತ್ತು. ನ್ಯೂಟ್ರೋಫಿಲ್ 1,000, ಪ್ಲೇಟ್‌ಲೆಟ್ 1 ಲಕ್ಷ ದಾಟಿದ ಮೇಲೆ, 36ನೇ ದಿನ ತೆಗೆದ ಮಜ್ಜೆಯಲ್ಲಿ ಕಾಯಿಲೆ ಇರಲಿಲ್ಲ. ಬೆಸುಗೆ ಜೀನನ್ನು ಹುಡುಕುವ ಪಿಸಿಆರ್ ಪರೀಕ್ಷೆ ಮಾತ್ರ ಆ ದಿನ ಇನ್ನೂ ಪಾಸಿಟಿವ್. ಮನೆಯವರ ಮುಖ ಬಾಡಿತು. ಈ ಹಂತದ ಪಾಸಿಟಿವ್‌ಗೆ ಬೆಲೆಯಿಲ್ಲ: ಬಲಿತ ಕೋಶಗಳೂ ಆ ಬೆಸುಗೆ ಜೀನನ್ನು ಹೊತ್ತೇ ಓಡಾಡಿ, ತಮ್ಮ ಪಾಡಿಗೆ ಸಾಯಲು ಸಮಯ ಬೇಕು.

ಉಳಿದದ್ದು ಹೊರರೋಗಿ ವಿಭಾಗದ ಕ್ಯಾಲೆಂಡರ್ ಕೆಲಸ. ಆರ್ಸೆನಿಕ್ ವಾರಕ್ಕೆ 5 ದಿನ, 4 ವಾರ ಕೊಟ್ಟು 4 ವಾರ ಬಿಡುವು, ನಾಲ್ಕು ಸುತ್ತು, ಒಟ್ಟು 80 ಡೋಸ್. ಆಟ್ರಾ 2 ವಾರ ಕೊಟ್ಟು 2 ವಾರ ಬಿಡುವು, ಏಳು ಸುತ್ತು. ಎರಡರ ಬಿಡುವು ಹೊಂದದ ಕಾರಣ ರೋಗಿಗಳು ಆರ್ಸೆನಿಕ್ ಇಲ್ಲದ ವಾರ ಗುಳಿಗೆಯೂ ಇಲ್ಲವೆಂದುಕೊಂಡು ಬಿಟ್ಟುಬಿಡುತ್ತಾರೆ. ಖಾಲಿ ಸ್ಟ್ರಿಪ್ ತರಲು ಹೇಳಿ ಎಣಿಸುವುದು ಒಂದೇ ಉಪಾಯ. ಬೇರೆ ಕಡೆ ಕೆಮ್ಮಿಗೋ ಬೂಸ್ಟಿಗೋ ತೋರಿಸಿದರೆ ಮುಂದೆ ಹಿಡಿಯಲೆಂದು, ಕ್ಯೂಟಿ ಉದ್ದ ಮಾಡುವ ಔಷಧಗಳ ಹೆಸರಿರುವ ಚೀಟಿ ಆಕೆಯ ಪರ್ಸಿನಲ್ಲಿತ್ತು. ಗರ್ಭ ನಿಲ್ಲದಂತೆ ಎಚ್ಚರ ಚಿಕಿತ್ಸೆಯುದ್ದಕ್ಕೂ, ಮುಗಿದ ಮೇಲೂ ಕೆಲವು ತಿಂಗಳು.

ಕೊನೆಯ ಸುತ್ತಿನ ಬಳಿಕ ಮಜ್ಜೆಯಿಂದ ಮಾಡಿದ ಪಿಸಿಆರ್ ನೆಗೆಟಿವ್. ಪಾಸಿಟಿವ್ ಬಂದಿದ್ದರೆ ಎರಡು ವಾರದೊಳಗೆ ಹೊಸ ಮಾದರಿಯಲ್ಲಿ ಮತ್ತೊಮ್ಮೆ ನೋಡಿ, ಅದೂ ಪಾಸಿಟಿವ್ ಆದರೆ ರಕ್ತದಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಮರಳಿದೆಯೆಂದೇ ಚಿಕಿತ್ಸೆ ಶುರು ಮಾಡಬೇಕಿತ್ತು.